ಮೂಕ ಪ್ರಾಣಿಯ ಹಕ್ಕು



ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮದೀನಾದಲ್ಲಿ ಅನ್ಸಾರಿಯೊಬ್ಬರ ತೋಟಕ್ಕೆ ಹೋದರು. ಅಲ್ಲಿದ್ದ ಒಂಟೆಯೊಂದು ಅವರನ್ನು ಕಂಡು ನರಳಿತು; ಅದರ ಕಣ್ಣುಗಳಿಂದ ನೀರು ಹರಿಯಿತು. ಅವರು ಅದರ ಕಿವಿಯ ಹಿಂಭಾಗವನ್ನು ಸವರಿದಾಗ ಅದು ಶಾಂತವಾಯಿತು. ಬಳಿಕ ಅದರ ಮಾಲಿಕನನ್ನು ಕರೆಸಿ, ಅಲ್ಲಾಹನು ವಶಕ್ಕೊಪ್ಪಿಸಿದ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡಬೇಕೆಂದು ಎಚ್ಚರಿಸಿದರು. ಹಸಿವಿನಲ್ಲಿಟ್ಟು ಮಿತಿಮೀರಿ ದುಡಿಸುತ್ತಾನೆಂಬುದೇ ಅದರ ದೂರಾಗಿತ್ತು. ಈ ಹದೀಸ್ ಅಬೂದಾವೂದ್‌ನಲ್ಲಿದೆ.

ನಮ್ಮಲ್ಲಿ ಒಂಟೆ ವಿರಳ. ಆದರೆ ಕುದುರೆ ನಮಗೆ ಅಪರಿಚಿತವಲ್ಲ. ಮೈಸೂರಿನಂತಹ ನಗರಗಳಲ್ಲಿ ಜಟಕಾ, ಟಾಂಗಾ ಓಡಿಸಿ ಮಕ್ಕಳನ್ನು ಸಾಕಿದ ಮುಸ್ಲಿಮ್ ಕುಟುಂಬಗಳು ಅನೇಕ. ಸಂಪಾದನೆ ಕುಗ್ಗಿದಾಗ ಕುದುರೆಯ ಮೇವೂ ಕುಗ್ಗುತ್ತದೆ. ಮುದಿಯಾಗಿ ಕುಂಟತೊಡಗಿದರೆ ಅದನ್ನು ಬೀದಿಗೆ ಬಿಡುವವರೂ ಇದ್ದಾರೆ. ದುಡಿಯುವಾಗ ನಮ್ಮದಾಗಿದ್ದ ಪ್ರಾಣಿ ದುಡಿಯಲಾರದಾಗ ಯಾರದು? ಸಾಕಲಾಗದವನು ಅದನ್ನು ಸಾಕಬಲ್ಲವರಿಗೆ ಮಾರಬೇಕು, ಒಪ್ಪದಿದ್ದರೆ ನ್ಯಾಯಾಧೀಶನು ಅವನನ್ನು ನಿರ್ಬಂಧಿಸಬಹುದು ಎಂದು ಶಾಫಿಈ ಮತ್ತು ಹಂಬಲಿ ಕರ್ಮಶಾಸ್ತ್ರ ವಿದ್ವಾಂಸರು ಹೇಳಿದ್ದಾರೆ.

ಅಂತಹ ಕುದುರೆಯೊಂದು ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡುವಿರಿ? ಮರುಕದಿಂದ ಬಕೆಟ್ ತುಂಬ ಹುರುಳಿ, ಬೂಸಾ ಇಡಬೇಡಿ. ಬಹುಕಾಲ ಉಪವಾಸವಿದ್ದ ಕುದುರೆಗೆ ಒಮ್ಮೆಲೇ ಕಾಳು ತಿನ್ನಿಸಿದರೆ ರಕ್ತದಲ್ಲಿನ ರಂಜಕ, ಮೆಗ್ನೀಸಿಯಮ್ ಮುಂತಾದ ಲವಣಗಳು ಕುಸಿಯುತ್ತವೆ. ಹೃದಯ ದುರ್ಬಲಗೊಂಡು ಕೆಲವೇ ದಿನಗಳಲ್ಲಿ ಅದು ಸಾಯಬಹುದು. ಮೊದಲು ಪಶುವೈದ್ಯರನ್ನು ಕರೆಯಿರಿ. ಶುದ್ಧ ನೀರು ಸದಾ ಹತ್ತಿರವಿರಲಿ. ಒಣಗಿಸಿದ ಕುದುರೆ ಮಸಾಲೆ ಸೊಪ್ಪನ್ನು ಆರಂಭದಲ್ಲಿ ನಾಲ್ಕು ಗಂಟೆಗೊಮ್ಮೆ ಸುಮಾರು ಅರ್ಧ ಕಿಲೋದಷ್ಟೇ ಕೊಟ್ಟು, ಸುಮಾರು 10 ದಿನಗಳಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಹಲ್ಲು, ಗೊರಸು, ಹೊಟ್ಟೆಯ ಹುಳು, ತೊಗಲ ಪಟ್ಟಿ ಉಜ್ಜಿದ ಗಾಯ ಎಲ್ಲವನ್ನೂ ಪರೀಕ್ಷಿಸಬೇಕು. ಮೈ ತುಂಬಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದರ ಮೇಲೆ ಭಾರ ಹೇರಬಾರದು. ತಿಳಿವಿಲ್ಲದ ಕನಿಕರವೂ ಪ್ರಾಣ ತೆಗೆದೀತು. ಕರುಣೆಗೆ ಜ್ಞಾನವೂ ಸಬ್ರ್ ಕೂಡಾ ಜೊತೆಯಾಗಬೇಕು.

ಕಣ್ಣೆದುರೇ ಹಿಂಸೆ ನಡೆದರೆ ಸುಮ್ಮನಿರಬೇಡಿ. ಮಾಲಿಕನಿಗೆ ಮೊದಲು ಸೌಮ್ಯವಾಗಿ ತಿಳಿಹೇಳಿ. ಅವನೂ ಬಡವನಿರಬಹುದು, ಒಂದು ಹೊರೆ ಹುಲ್ಲು ಕೊಡಿಸಿದರೆ ಇಬ್ಬರಿಗೂ ನೆರವಾದೀತು. ಕೇಳದಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿದೆ. ಸಾಕಷ್ಟು ಮೇವು ನೀರು ಕೊಡದಿರುವುದೂ ಆ ಕಾಯ್ದೆಯ ಪ್ರಕಾರ ಅಪರಾಧ.

ಬಾಯಾರಿದ ನಾಯಿಗೆ ನೀರುಣಿಸಿದವನು ಕ್ಷಮೆ ಪಡೆದನು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಸ್ತ್ರೀ ಶಿಕ್ಷೆಗೊಳಗಾದಳು. ಇವೆರಡನ್ನೂ ಬುಖಾರಿ, ಮುಸ್ಲಿಮ್‌ಗಳು ವರದಿ ಮಾಡಿವೆ. ಹಾಗಿರುವಾಗ, ವರ್ಷಗಟ್ಟಲೆ ನಮ್ಮ ಅನ್ನಕ್ಕಾಗಿ ಓಡಿದ ಪ್ರಾಣಿಯ ಲೆಕ್ಕವನ್ನು ಪರಲೋಕದಲ್ಲಿ ಹೇಗೆ ಕೊಡುವೆವು? ಇಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಆ ಒಂಟೆಯ ಕಥೆ ಹೇಳಿ. ನಾಳೆ ಮನೆಯ ಮುಂದೆ ಒಂದು ತೊಟ್ಟಿ ನೀರಿಡಿ.

ಅಲ್ಲಾಹನು ನಮ್ಮ ಹೃದಯಗಳಲ್ಲಿ ಕರುಣೆಯನ್ನು ತುಂಬಲಿ. ಆಮೀನ್.