ಎರಡನೇ ಸುತ್ತಿಗೆ ಕಾದಿರುವ ಮಕ್ಕಳಿಗೆ

ಮಕ್ಕಳೇ,

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತವರು ನೀವು. ಗಡಿನಾಡು ಕನ್ನಡಿಗರ ವರ್ಗದಲ್ಲಿ ಕರ್ನಾಟಕದ ಸಿಇಟಿ ಬರೆದಿದ್ದೀರಿ. ಮೊದಲ ಸುತ್ತಿನಲ್ಲಿ ಕೆಲವರಿಗೆ ಸೀಟು ಬರಲಿಲ್ಲ, ಕೆಲವರಿಗೆ ಬಂದದ್ದು ಮನಸ್ಸಿಗೆ ಹಿಡಿಸಲಿಲ್ಲ. ಈಗ ಎರಡನೇ ಸುತ್ತು ಅಂತ ಕಾಯುತ್ತಿದ್ದೀರಿ. ಪಟ್ಟಿ ಬರುವತನಕ ನಿಮ್ಮ ಕೈಯಲ್ಲಿ ಏನೂ ಇಲ್ಲವೆಂದು ಕೊರಗಬೇಡಿ. ಈ ದಿನಗಳಲ್ಲಿ ನೀವೇ ಮಾಡಬೇಕಾದ ಕೆಲಸ ಬಹಳವಿದೆ.

ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದು ನಿಮ್ಮ ಯೋಗ್ಯತೆಗೆ ಬಂದ ತೀರ್ಪಲ್ಲ. ಆ ಸುತ್ತಿನಲ್ಲಿದ್ದ ಸೀಟುಗಳಿಗೂ ನಿಮ್ಮ ರ‍್ಯಾಂಕಿಗೂ ತಾಳೆಯಾಗಲಿಲ್ಲ, ಅಷ್ಟೇ. ಮುಂದಿದ್ದವರಲ್ಲಿ ಕೆಲವರು ಬೇರೆ ಕೋರ್ಸಿಗೆ, ಬೇರೆ ರಾಜ್ಯಕ್ಕೆ ಹೋಗುತ್ತಾರೆ. ಅವರು ಬಿಟ್ಟ ಸೀಟುಗಳು ಮುಂದಿನ ಸುತ್ತಿಗೆ ಬರುತ್ತವೆ.

ಗಡಿನಾಡಿನ ಕೋಟಾ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ತಲೆ ತಗ್ಗಿಸಬೇಡಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಮಡಕಶಿರಾ ಆಗಲೇ ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗೆರೆ ಎಲ್ಲಿ ಬಿದ್ದರೂ ನಮ್ಮ ಮನೆಗಳಲ್ಲಿ ಕನ್ನಡ ನಿಲ್ಲಲಿಲ್ಲ. ಏಳು ವರ್ಷ ಈ ನೆಲದಲ್ಲೇ ಓದಿದ್ದಕ್ಕೆ ದಾಖಲೆ ಕೊಟ್ಟು, ಬಳ್ಳಾರಿಗೋ ಬೆಂಗಳೂರಿಗೋ ಹೋಗಿ 50 ಅಂಕಗಳ ಕನ್ನಡ ಪರೀಕ್ಷೆಯನ್ನೂ ಬರೆದು ನೀವು ಈ ಸಾಲಿಗೆ ಬಂದಿದ್ದೀರಿ. ಇದು ಯಾರೋ ಕೊಟ್ಟ ಭಿಕ್ಷೆಯಲ್ಲ.

ಈಗ ಮುಖ್ಯವಾದ ಮಾತು: ಆಪ್ಷನ್ ಪಟ್ಟಿ. ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. ಮೊದಲನೆಯದು ಖಾಲಿಯಿಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಆದ್ದರಿಂದ ಆಸೆಪಟ್ಟ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುತ್ತದೆ ಅನ್ನುವ ಭಯ ಬೇಡ. ಆದರೆ ಇನ್ನೊಂದು ಎಚ್ಚರ ಬೇಕು. ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೂ ಹೋಗುತ್ತೇನೆಂದು ಎರಡನೇ ಚಾಯ್ಸ್ ಒತ್ತಿದವರಿಗೆ ಮೇಲಿನ ಆಪ್ಷನ್ ಸಿಕ್ಕಿದರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಸ್ನೇಹಿತ ಬರೆದನೆಂದು, ಹೆಸರು ದೊಡ್ಡದೆಂದು ಮೇಲಿಟ್ಟ ಕಾಲೇಜು ನಿಜವಾಗಿ ಬಂದುಬಿಟ್ಟರೆ ಹಿಂದಕ್ಕೆ ಹೋಗಲಾಗದು. ಬದಲಿಸಲು ಅವಕಾಶ ಕೊಟ್ಟಾಗ ಅಪ್ಪ ಅಮ್ಮನ ಜೊತೆ ಕೂತು ಒಂದೊಂದನ್ನೂ ಕೇಳಿಕೊಳ್ಳಿ: ಇದು ಬಂದರೆ ಹೋಗುತ್ತೇನಾ? ಹಾಸ್ಟೆಲ್ ಖರ್ಚು ನಮ್ಮಿಂದ ಆಗುತ್ತದಾ? ಉತ್ತರ ಇಲ್ಲವೆಂದಾದರೆ ಆ ಸಾಲನ್ನು ಅಳಿಸಿಬಿಡಿ.

ಕಾಗದಪತ್ರ ಇನ್ನೊಂದು ಕೆಲಸ. ಆಂಧ್ರದಲ್ಲಿ ಇಂಟರ್ ಓದಿದವರು ತಮ್ಮ ಅಂಕಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ತಾವೇ ತುಂಬಬೇಕು. ತುಂಬದಿದ್ದರೆ ರ‍್ಯಾಂಕ್ ತಡೆಯುತ್ತಾರೆ. ಬುದ್ಧಿವಂತ ಮಕ್ಕಳೂ ಇಂಥ ಕಡೆಯೇ ಎಡವುತ್ತಾರೆ. ವ್ಯಾಸಂಗ ಪ್ರಮಾಣಪತ್ರ, ವಾಸದ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಆಂಧ್ರದ ಈಎಪಿಸೆಟ್ ಕೌನ್ಸೆಲಿಂಗ್ ಬೇರೆ ದಿನಾಂಕಗಳಲ್ಲಿ ನಡೆಯುತ್ತದೆ. ಅದರ ಬಾಗಿಲನ್ನೂ ತೆರೆದಿಡಿ, ಆದರೆ ಮೂಲ ದಾಖಲೆಗಳನ್ನು ಒಂದು ಕಡೆ ಕೊಡುವ ಮುನ್ನ ಹಿಂದಕ್ಕೆ ಪಡೆಯುವ ನಿಯಮವನ್ನು ಓದಿ. ಅನಂತಪುರದ ಸರ್ಕಾರಿ ಕಲಾ ಕಾಲೇಜು 1916ರಿಂದ ಈ ಸೀಮೆಯ ಮಕ್ಕಳಿಗೆ ಪಾಠ ಹೇಳಿದೆ. ಜೆಎನ್‌ಟಿಯು ತಾಂತ್ರಿಕ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಹತ್ತಿರದಲ್ಲಿದೆ ಅಂದ ಮಾತ್ರಕ್ಕೆ ಅವು ಕಡಿಮೆಯೆಂದು ಎಣಿಸಬೇಡಿ.

ನಮ್ಮ ಕಡೆ ಮುಂಗಾರು ತಡವಾದರೆ ರೈತ ಆಕಾಶ ನೋಡುತ್ತ ಕಟ್ಟೆಯ ಮೇಲೆ ಕೂರುವುದಿಲ್ಲ. ಶೇಂಗಾ ಬಿಡಿಸಿ ಬೀಜ ಆರಿಸುತ್ತಾನೆ, ಕೂರಿಗೆ ಸರಿಮಾಡುತ್ತಾನೆ, ಹದ ಬಿದ್ದ ದಿನವೇ ಬಿತ್ತುತ್ತಾನೆ. ನೀವೂ ಹಾಗೇ ಇರಿ. ಕನ್ನಡ ಮಾಧ್ಯಮದವರಿಗೆ ಕಾಲೇಜಿನ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಪಾಠ ಕಷ್ಟವಾಗುತ್ತದೆ. ಗಣಿತ, ಭೌತಶಾಸ್ತ್ರದ ಒಂದೊಂದು ಅಧ್ಯಾಯವನ್ನು ಈಗಲೇ ಇಂಗ್ಲಿಷಿನಲ್ಲಿ ಓದಿ, ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಯಾವ ಕಾಲೇಜಿಗೆ ಹೋದರೂ ಈ ಓದು ನಿಮ್ಮ ಜೊತೆ ಬರುತ್ತದೆ.

ಮದುವೆ, ಜಾತ್ರೆಗಳಲ್ಲಿ ನೆಂಟರು ಸೀಟು ಸಿಕ್ಕಿತಾ ಎಂದು ಕೇಳುತ್ತಾರೆ. ಇನ್ನೂ ಸುತ್ತು ಬಾಕಿಯಿದೆ ಎಂದಷ್ಟೇ ಹೇಳಿ. ದುಡ್ಡು ಕೊಟ್ಟರೆ ಸೀಟು ಕೊಡಿಸುತ್ತೇನೆ ಎನ್ನುವವನಿಗೆ ಮನೆಯ ಬಾಗಿಲು ತೆಗೆಯಬೇಡಿ. ನಿಮ್ಮಪ್ಪ ಹೊಲ ಅಡವಿಟ್ಟ ಹಣ ಅವನ ಕೈಗೆ ಹೋದರೆ ತಿರುಗಿ ಬರುವುದಿಲ್ಲ. ನಿದ್ದೆ ಬರದಷ್ಟು ಮನಸ್ಸು ಕುಗ್ಗಿದರೆ ಒಬ್ಬರೇ ನುಂಗಿಕೊಳ್ಳಬೇಡಿ. ಅಮ್ಮನಿಗೆ ಹೇಳಿ, ಮೇಷ್ಟ್ರಿಗೆ ಹೇಳಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ, ಹಣ ಬೇಡ.

ಹೆತ್ತವರಿಗೂ ಒಂದು ಮಾತು. ದಿನಕ್ಕೆ ಹತ್ತು ಸಲ ಏನಾಯಿತೆಂದು ಕೇಳಬೇಡಿ. ಪಕ್ಕದ ಮನೆಯ ಹುಡುಗನ ರ‍್ಯಾಂಕು ಎತ್ತಬೇಡಿ. ಎಲ್ಲಿಗೆ ಹೋದರೂ ನಾವಿದ್ದೇವೆ ಎಂಬ ಮಾತು ಪಟ್ಟಿ ಬರುವ ಮೊದಲೇ ಮಗುವಿನ ಕಿವಿಗೆ ಬೀಳಲಿ.

ಕೊನೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಿಮಗೆ ಯಾವ ಕಾಲೇಜೇ ಸಿಗಲಿ, ಈ ವರ್ಷ ನೀವು ಅಲೆದು ತಿಳಿದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಪ್ರಮಾಣಪತ್ರ ಯಾವ ಕಚೇರಿಯಲ್ಲಿ ಸಿಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ತಡವಾಯಿತು. ಅದನ್ನು ನಿಮ್ಮ ಹಳೆಯ ಶಾಲೆಯ ಕನ್ನಡ ಮೇಷ್ಟ್ರಿಗೆ ಕೊಡಿ. ಗಡಿಯ ಶಾಲೆಗಳಿಗೆ ಇಂಥ ತಿಳಿವಳಿಕೆ ತಡವಾಗಿ ಬರುತ್ತದೆ, ಎಷ್ಟೋ ಮಕ್ಕಳಿಗೆ ಗಡಿನಾಡು ಕನ್ನಡಿಗರ ವರ್ಗವೊಂದಿದೆ ಎಂಬುದೇ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಅಮರಾಪುರದ ಒಬ್ಬ ಹುಡುಗಿ, ಡಿ. ಹಿರೇಹಾಳಿನ ಒಬ್ಬ ಹುಡುಗ ನಿಮ್ಮ ಹಾಳೆ ಹಿಡಿದು ಮೊದಲ ದಿನವೇ ಸರಿಯಾದ ಕಚೇರಿಗೆ ಹೋಗಲಿ.