ಇಬ್ಬರೇ ಇದ್ದಾಗ ಡ್ರಾಫ್ಟ್ ಆಡುವುದು ಹೇಗೆ?

ಇಬ್ಬರು ಸ್ನೇಹಿತರು ಆರು ಬೂಸ್ಟರ್ ಪ್ಯಾಕ್ ಕೊಳ್ಳುತ್ತಾರೆ, ತಲಾ ಮೂರು. ಒಂದೊಂದು ಪ್ಯಾಕ್ ಒಡೆದು, ಬೇಕಾದ ಒಂದು ಕಾರ್ಡ್ ಇಟ್ಟುಕೊಂಡು, ಉಳಿದದ್ದನ್ನು ಎದುರಿನವರಿಗೆ ದಾಟಿಸುತ್ತಾರೆ. ಅವರೂ ಹಾಗೇ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲ ಮುಗಿದು ‘ಡ್ರಾಫ್ಟ್ ಅಂದರೆ ಇಷ್ಟೇನಾ?’ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ದುಡ್ಡೂ ಹೋಯಿತು, ಪ್ಯಾಕೂ ಹೋಯಿತು. ಎಂಟು ಜನರಿಗೆಂದು ಮಾಡಿದ ಪದ್ಧತಿಯನ್ನು ಇಬ್ಬರೇ ಕೂತು ಆಡಿದರೆ ಹೀಗೇ ಆಗುವುದು. ಚಿಕ್ಕ ಗುಂಪಿಗೆ ಹೊಂದುವ ಪದ್ಧತಿಗಳು ಬೇರೆಯೇ ಇವೆ. ಅವನ್ನು ಕಲಿಯಲು ಹತ್ತು ನಿಮಿಷ ಸಾಕು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಲ್ಲಿ ಮಾತಾಡುತ್ತಿರುವುದು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಬಗ್ಗೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಮನೆಯಲ್ಲೇ ಡೆಕ್ ಕಟ್ಟಿಕೊಂಡು ಬಂದು ಆಡುವುದು ಒಂದು ಬಗೆ. ಕೂತಲ್ಲೇ ಪ್ಯಾಕ್ ಒಡೆದು, ಕಾರ್ಡ್ ಆರಿಸಿ, ಆರಿಸಿದ್ದರಲ್ಲೇ 40 ಕಾರ್ಡಿನ ಡೆಕ್ ಕಟ್ಟಿ ಆಡುವುದು ಡ್ರಾಫ್ಟ್. ದುಬಾರಿ ಕಾರ್ಡ್ ಕೊಂಡವರೇ ಗೆಲ್ಲುತ್ತಾರೆ ಎಂಬ ದೂರು ಇಲ್ಲಿ ನಡೆಯುವುದಿಲ್ಲ. ನನ್ನ ಮಟ್ಟಿಗೆ ಮ್ಯಾಜಿಕ್‌ನಲ್ಲಿ ಆಡಲೇಬೇಕಾದ ಬಗೆ ಇದೇ.

ಮಾಮೂಲಿ ಡ್ರಾಫ್ಟಿನಲ್ಲಿ ಎಂಟು ಜನ ದುಂಡಗೆ ಕೂರುತ್ತಾರೆ. ಮೊದಲ ಪ್ಯಾಕ್ ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ ಸಾಗುತ್ತದೆ. ನೀವು ಒಡೆದ ಪ್ಯಾಕ್ ನಿಮ್ಮ ಕೈಗೆ ಮರಳಿ ಬರುವಷ್ಟರಲ್ಲಿ ಅದರಿಂದ ಎಂಟು ಕಾರ್ಡ್ ಹೋಗಿರುತ್ತವೆ. ಯಾವುದನ್ನು ಯಾರು ತೆಗೆದರು ಎಂಬ ಊಹೆಯಲ್ಲೇ ಇದರ ರುಚಿ. ಇಬ್ಬರೇ ಆದರೆ ಆ ಊಹೆಗೆ ಜಾಗವೇ ಇಲ್ಲ. ನೀವು ತೆಗೆದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಎದುರಿನವರ ಕಣ್ಣಿಗೆ ಬೀಳುತ್ತದೆ, ಅವರು ಬಿಟ್ಟದ್ದೆಲ್ಲ ನಿಮ್ಮ ಕಣ್ಣಿಗೆ. ಇನ್ನೊಂದು ತೊಂದರೆಯೂ ಇದೆ. ಎಂಟು ಜನರಲ್ಲಿ ಎಡಗಡೆಯವರು ನಿಮ್ಮ ಏಳು ಎದುರಾಳಿಗಳಲ್ಲಿ ಒಬ್ಬರು ಮಾತ್ರ. ಅವರಿಗೆ ಒಳ್ಳೆಯ ಕಾರ್ಡ್ ಹೋದರೆ ಹೋಗಲಿ ಎನ್ನಬಹುದು. ಇಬ್ಬರೇ ಇದ್ದಾಗ ‘ನನಗೆ ಬೇಡ, ಆದರೆ ನಿನಗೂ ಸಿಗಬಾರದು’ ಎಂದು ಕಸಿದುಕೊಳ್ಳುವುದೇ ಜಾಣತನವಾಗುತ್ತದೆ. ಕೊನೆಗೆ ಇಬ್ಬರ ಬಳಿಯೂ ಅರೆಬರೆ ಡೆಕ್.

ಕೂರುವ ಮುನ್ನ

ಬೇಸಿಕ್ ಲ್ಯಾಂಡ್ ಕಾರ್ಡ್‌ಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಪ್ಲೇನ್ಸ್, ಐಲ್ಯಾಂಡ್, ಸ್ವಾಂಪ್, ಮೌಂಟನ್, ಫಾರೆಸ್ಟ್ ಐದರಲ್ಲೂ ಇಪ್ಪತ್ತಿಪ್ಪತ್ತು ಇದ್ದರೆ ಇಬ್ಬರಿಗೆ ಸಾಲುತ್ತದೆ. ಡ್ರಾಫ್ಟ್ ಮುಗಿಸಿ ಡೆಕ್ ಕಟ್ಟಲು ಕೂತಾಗ ‘ಅಯ್ಯೋ, ಲ್ಯಾಂಡೇ ಇಲ್ಲ’ ಎನ್ನುವವರು ಕಡಿಮೆಯಿಲ್ಲ.

ಕಾರ್ಡ್ ಎಲ್ಲಿಂದ ತರುವುದು? ಹೊಸ ಪ್ಯಾಕ್ ಆದರೆ ಇಬ್ಬರಿಗೆ ಆರು. ಆದರೆ ಪ್ರತಿ ಸಲ ಆರು ಪ್ಯಾಕ್ ಒಡೆಯುವುದು ಜೇಬಿಗೆ ಭಾರ. ತಿಂಗಳಿಗೆರಡು ಸಲ ಆಡುವ ಮನಸ್ಸಿದ್ದರೆ ಕ್ಯೂಬ್ ಕಟ್ಟಿಕೊಳ್ಳಿ. ಒಂದೊಂದು ಕಾರ್ಡೂ ಒಂದೇ ಪ್ರತಿ ಇರುವಂತೆ ನೀವೇ ಆರಿಸಿ ಜೋಡಿಸಿದ ಸಂಗ್ರಹ ಅದು. ಆಡಿದ ಮೇಲೆ ಎಲ್ಲವೂ ಮರಳಿ ಡಬ್ಬಕ್ಕೆ. ಎಂಟು ಜನರಿಗೆ ತಲಾ 45ರಂತೆ 360 ಕಾರ್ಡ್ ವಾಡಿಕೆ. ಇಬ್ಬರಿಗೆ ಇನ್ನೂರು ಇದ್ದರೂ ನಡೆಯುತ್ತದೆ. ಬರೀ ಕಾಮನ್ ಕಾರ್ಡ್‌ಗಳಲ್ಲಿ ಕಟ್ಟಿದ್ದಕ್ಕೆ ಪಾಪರ್ ಕ್ಯೂಬ್ ಎನ್ನುತ್ತಾರೆ. ಮೊದಲ ಕ್ಯೂಬ್ ಅದೇ ಆಗಲಿ. ಅಪರೂಪದ ಕಾರ್ಡಿನ ಮೋಹ ಆಮೇಲಿನದು.

ಎಲ್ಲ ಕಾರ್ಡಿಗೂ ಹಿಂಬದಿ ಕಾಣದ, ಒಂದೇ ಬಣ್ಣದ ಸ್ಲೀವ್ ಹಾಕಿ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. 2011ರ ಇನಿಸ್ಟ್ರಾಡ್ ಸೆಟ್‌ನಿಂದ ಈಚೆಗೆ ಎರಡೂ ಬದಿಯಲ್ಲಿ ಮುದ್ರಣವಿರುವ ಕಾರ್ಡ್‌ಗಳು ಆಗಾಗ ಬರುತ್ತಿವೆ. ಸ್ಲೀವ್ ಇಲ್ಲದೆ ಅವನ್ನು ಬೋರಲು ಇಟ್ಟರೂ ಇದು ಯಾವುದೆಂದು ಕೂತವರಿಗೆಲ್ಲ ಗೊತ್ತಾಗುತ್ತದೆ. ಮುಂದೆ ಹೇಳುವ ಪದ್ಧತಿಯಂತೂ ನಿಂತಿರುವುದೇ ಬೋರಲು ಇಟ್ಟ ಕಾರ್ಡಿನ ಮೇಲೆ. ಹಾಗೆಯೇ ರಮ್ಮಿಯ ಎಲೆಗಳನ್ನು ಬಗ್ಗಿಸಿ ಪಟಪಟನೆ ಕಲೆಸುವ ಹುರುಪನ್ನು ಇಲ್ಲಿ ತೋರಿಸಬೇಡಿ.

ಇಬ್ಬರಿಗೆ: ವಿನ್‌ಸ್ಟನ್

ಇದನ್ನು ರೂಪಿಸಿದ್ದೂ ಗಾರ್ಫೀಲ್ಡ್ ಅವರೇ. ಇಬ್ಬರ ಡ್ರಾಫ್ಟ್‌ಗಳಲ್ಲಿ ನನಗೆ ಇದಕ್ಕಿಂತ ಸೊಗಸಾದದ್ದು ಕಂಡಿಲ್ಲ.

1. ಸುಮಾರು 90 ಕಾರ್ಡ್‌ಗಳನ್ನು ನೋಡದೆ ಕಲೆಸಿ, ಬೋರಲಾಗಿ ಒಂದೇ ಕಟ್ಟು ಮಾಡಿ ನಡುವೆ ಇಡಿ. ಹೊಸ ಪ್ಯಾಕ್ ಆದರೆ ಒಳಗಿನ ಟೋಕನ್ ಮತ್ತು ಬೇಸಿಕ್ ಲ್ಯಾಂಡ್ ತೆಗೆಯುವ ಕೆಲಸವನ್ನು ಆಟಕ್ಕೆ ಕೂರದ ಯಾರಿಗಾದರೂ ವಹಿಸಿ. ಆಗ ಕಾರ್ಡ್ 80ರ ಆಸುಪಾಸಿಗೆ ಇಳಿದರೂ ಚಿಂತೆಯಿಲ್ಲ.

2. ಕಟ್ಟಿನ ಮೇಲಿನಿಂದ ಮೂರು ಕಾರ್ಡ್ ತೆಗೆದು, ಬೋರಲಾಗಿಯೇ ಪಕ್ಕಪಕ್ಕದಲ್ಲಿಡಿ. ಇವು ಮೂರು ಗುಡ್ಡೆ. ಸದ್ಯಕ್ಕೆ ಒಂದೊಂದರಲ್ಲಿ ಒಂದೊಂದೇ ಕಾರ್ಡ್.

3. ಸರದಿ ನಿಮ್ಮದಾದರೆ ಮೊದಲ ಗುಡ್ಡೆಯನ್ನು ನೀವೊಬ್ಬರೇ ನೋಡಿ. ಬೇಕಾದರೆ ಇಡೀ ಗುಡ್ಡೆ ತೆಗೆದುಕೊಳ್ಳಿ. ಖಾಲಿಯಾದ ಜಾಗಕ್ಕೆ ಕಟ್ಟಿನಿಂದ ಒಂದು ಕಾರ್ಡ್ ಬೋರಲಾಗಿ ಇಡಿ. ನಿಮ್ಮ ಸರದಿ ಮುಗಿಯಿತು.

4. ಬೇಡವಾದರೆ ಗುಡ್ಡೆಯನ್ನು ಇದ್ದಲ್ಲೇ ಇಟ್ಟು, ಅದರ ಮೇಲೆ ಕಟ್ಟಿನಿಂದ ಒಂದು ಕಾರ್ಡನ್ನು ನೋಡದೆ ಸೇರಿಸಿ. ಆಮೇಲೆ ಎರಡನೆಯ ಗುಡ್ಡೆ. ಅಲ್ಲೂ ಇದೇ ಕ್ರಮ. ಆಮೇಲೆ ಮೂರನೆಯದು.

5. ಮೂರನ್ನೂ ಬಿಟ್ಟಿರಾ? ಮೂರನೆಯದಕ್ಕೂ ಒಂದು ಕಾರ್ಡ್ ಸೇರಿಸಿ, ಕಟ್ಟಿನ ಮೇಲಿನ ಕಾರ್ಡನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದು ಏನಿದ್ದರೂ ನಿಮ್ಮದೇ.

ಕಟ್ಟು ಮುಗಿದ ಮೇಲೆ ಸೇರಿಸುವುದೇನೂ ಇಲ್ಲ. ಉಳಿದ ಗುಡ್ಡೆಗಳು ಖಾಲಿಯಾಗುವವರೆಗೆ ಸರದಿ ನಡೆಯಲಿ. ಆ ಹಂತದಲ್ಲಿ ಕೊನೆಯ ಗುಡ್ಡೆಯನ್ನು ಬಿಡುವಂತಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆಯನ್ನು ದಯವಿಟ್ಟು ಇನ್ನೊಮ್ಮೆ ಓದಿ. ವಿನ್‌ಸ್ಟನ್ ಕೆಡುವುದೆಲ್ಲ ಅಲ್ಲಿಯೇ. ಜನ ಅದನ್ನು ಮೂರು ಬಗೆಯಲ್ಲಿ ಕೆಡಿಸುತ್ತಾರೆ.

ಒಂದು, ಸೇರಿಸುವ ಕಾರ್ಡನ್ನು ಇಣುಕಿ ನೋಡುವುದು. ಬೇಕೆಂದೇ ಅಲ್ಲ, ಕಟ್ಟಿನಿಂದ ಎತ್ತುವಾಗ ಕೈ ತಾನಾಗಿ ತಿರುಗುತ್ತದೆ. ಆದರೆ ಲೆಕ್ಕ ಹಾಕಿ. ನೀವು ಬಿಟ್ಟ ಗುಡ್ಡೆಯಲ್ಲಿ ಈಗ ಎರಡು ಕಾರ್ಡಿವೆ. ಒಂದು ನಿಮಗೆ ಗೊತ್ತು, ಇನ್ನೊಂದು ಯಾರಿಗೂ ಗೊತ್ತಿಲ್ಲ. ಎದುರಿನವರು ಆ ಗುಡ್ಡೆಯನ್ನು ಎತ್ತಿಕೊಂಡರೆ ಅವರ ಕೈ ಸೇರಿದ್ದರಲ್ಲಿ ಅರ್ಧ ಮಾತ್ರ ನಿಮಗೆ ತಿಳಿದಿರುತ್ತದೆ. ಇಬ್ಬರ ಆಟಕ್ಕೆ ಗುಟ್ಟು ಮರಳಿ ಬರುವುದು ಈ ಒಂದು ಕಾರ್ಡಿನಿಂದ. ಅದನ್ನೂ ನೋಡಿಬಿಟ್ಟರೆ ಎಲ್ಲವನ್ನೂ ತೆರೆದಿಟ್ಟು ಆಡಿದಂತೆ.

ಎರಡು, ‘ಈಗಲೇ ಯಾಕೆ, ಕೊನೆಯಲ್ಲಿ ಮೂರಕ್ಕೂ ಒಟ್ಟಿಗೆ ಹಾಕಿದರಾಯಿತು’ ಎಂದು ಮುಂದೂಡುವುದು. ಎರಡನೆಯ ಗುಡ್ಡೆ ಇಷ್ಟವಾಗಿ ಅದನ್ನು ತೆಗೆದುಕೊಂಡ ಖುಷಿಯಲ್ಲಿ ಮೊದಲನೆಯದಕ್ಕೆ ಸೇರಿಸುವುದು ಮರೆತೇಹೋಗುತ್ತದೆ. ಗುಡ್ಡೆಗಳು ಬೆಳೆಯುವುದಿಲ್ಲ. ಬೆಳೆಯದ ಗುಡ್ಡೆಯನ್ನು ಯಾರೂ ಮುಟ್ಟುವುದಿಲ್ಲ. ‘ಈ ಎರಡು ಬೇಡ, ಆದರೆ ಬಿಟ್ಟರೆ ಮೂರಾಗುತ್ತದೆ, ಆಗ ಎದುರಿನವರು ಬಾಚಿಕೊಂಡರೆ?’ ಎಂಬ ತಳಮಳವೇ ವಿನ್‌ಸ್ಟನ್‌ನ ಜೀವ. ಬಿಟ್ಟ ತಕ್ಷಣ ಸೇರಿಸಿ, ಆಮೇಲೆ ಮುಂದಿನ ಗುಡ್ಡೆಗೆ ಕೈ ಹಾಕಿ.

ಮೂರು, ಮೂರನೆಯದನ್ನೂ ನೋಡಿದ ಮೇಲೆ ‘ಹಾಗಾದರೆ ಮೊದಲನೆಯದೇ ಇರಲಿ’ ಎಂದು ಹಿಂದಕ್ಕೆ ಹೋಗುವುದು. ಹೋಗುವ ಹಾಗಿಲ್ಲ. ಬಿಟ್ಟ ಗುಡ್ಡೆ ಆ ಸರದಿಗೆ ಬಿಟ್ಟಂತೆಯೇ. ಅದರಲ್ಲೇನಿತ್ತು ಎಂದು ಮತ್ತೆ ತಿರುಗಿಸಿ ನೋಡುವುದೂ ಸಲ್ಲ; ನೆನಪಿಟ್ಟುಕೊಳ್ಳಬೇಕು. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆಯಾಟ ತಾನೇ, ಹೋಗಲಿ ಬಿಡಿ ಎಂದು ಒಮ್ಮೆ ಸಡಿಲ ಬಿಟ್ಟರೆ ಸರದಿ ಸರದಿಗೂ ಚೌಕಾಸಿ ಶುರುವಾಗುತ್ತದೆ.

ಆರಿಸುವಾಗ ಒಂದು ಮಾತು. ಇಲ್ಲಿ ಇಬ್ಬರಿಗೂ ಸಮಸಮ ಕಾರ್ಡ್ ಸಿಗಬೇಕೆಂದೇನೂ ಇಲ್ಲ. ಬಹಳ ಆಯ್ದು ಆಯ್ದು ಒಂದೊಂದೇ ಕಾರ್ಡ್ ಎತ್ತಿಕೊಂಡವರಿಗೆ ಕೊನೆಗೆ ಡೆಕ್ ಕಟ್ಟಲು ಕಾರ್ಡೇ ಸಾಲುವುದಿಲ್ಲ. ಮೂರು ಕಾರ್ಡಿನ ಗುಡ್ಡೆಯಲ್ಲಿ ಎರಡು ನಿಮ್ಮ ಬಣ್ಣದವಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮೊದಲ ಕೆಲವು ಸರದಿಗಳಲ್ಲಿ ಬಣ್ಣಕ್ಕೆ ಅಂಟಿಕೊಳ್ಳಬೇಡಿ. ಎದುರಿನವರು ಒಂದೇ ಕಾರ್ಡಿನ ಗುಡ್ಡೆಯನ್ನು ಥಟ್ಟನೆ ಎತ್ತಿಕೊಂಡರೆ ಅದರಲ್ಲಿ ಏನೋ ಭಾರಿಯಾದದ್ದಿತ್ತು ಎಂದು ತಿಳಿಯಿರಿ.

ಗುಟ್ಟು ಬೇಡ, ತೆರೆದೇ ಆಡೋಣ ಎಂದರೆ

ಒಬ್ಬರು ಹೊಸಬರಾಗಿದ್ದರೆ ವಿನ್‌ಸ್ಟನ್ ಬೇಡ. ಮುಚ್ಚಿದ ಕಾರ್ಡನ್ನು ತೋರಿಸಿ ‘ಇದು ಒಳ್ಳೆಯದಾ?’ ಎಂದು ಅವರು ಕೇಳುವಂತಿಲ್ಲ. ಅವರ ಜೊತೆ ಗ್ರಿಡ್ ಡ್ರಾಫ್ಟ್ ಆಡಿ. ಒಂಬತ್ತು ಕಾರ್ಡ್‌ಗಳನ್ನು ಮೂರು ಸಾಲು, ಮೂರು ಕಂಬವಾಗಿ ತೆರೆದಿಡಿ. ಮೊದಲನೆಯವರು ಒಂದು ಇಡೀ ಸಾಲನ್ನೋ ಕಂಬವನ್ನೋ ತೆಗೆದುಕೊಳ್ಳುತ್ತಾರೆ. ಎರಡನೆಯವರು ಉಳಿದದ್ದರಲ್ಲಿ ಒಂದು ಸಾಲು ಅಥವಾ ಕಂಬ; ಅವರಿಗೆ ಎರಡೋ ಮೂರೋ ಸಿಗುತ್ತವೆ. ಮಿಕ್ಕ ಕಾರ್ಡ್‌ಗಳು ಆಟದಿಂದ ಹೊರಗೆ. ಮುಂದಿನ ಒಂಬತ್ತಕ್ಕೆ ಇನ್ನೊಬ್ಬರು ಮೊದಲು. ಹೀಗೆ 18 ಸುತ್ತು. ಅಂದರೆ 162 ಕಾರ್ಡ್ ಬೇಕು, ಹಾಗಾಗಿ ಇದು ಕ್ಯೂಬ್ ಇದ್ದವರ ಆಟ. ಪ್ಯಾಕ್ ಒಡೆದು ಆಡಿದರೆ ಕೊಂಡದ್ದರಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಬದಿಗೆ ಬೀಳುತ್ತದೆ, ಹೊಟ್ಟೆ ಉರಿಯುತ್ತದೆ.

ಸಾಲೊಮನ್ ಡ್ರಾಫ್ಟ್ ನಮ್ಮವರಿಗೆ ಸಲೀಸಾಗಿ ಅರ್ಥವಾಗುತ್ತದೆ. ಆಸ್ತಿ ಹಂಚುವಾಗ ಅಣ್ಣ ಪಾಲು ಮಾಡಲಿ, ತಮ್ಮ ಮೊದಲು ಆರಿಸಿಕೊಳ್ಳಲಿ ಎನ್ನುವ ಅದೇ ನ್ಯಾಯ. ಎಂಟು ಕಾರ್ಡ್ ತೆರೆದಿಟ್ಟು ಒಬ್ಬರು ಎರಡು ಪಾಲು ಮಾಡುತ್ತಾರೆ, ಇನ್ನೊಬ್ಬರು ಒಂದನ್ನು ಎತ್ತಿಕೊಳ್ಳುತ್ತಾರೆ, ಉಳಿದ ಪಾಲು ಹಂಚಿದವರಿಗೆ. ಪಾಲು ನಾಲ್ಕು–ನಾಲ್ಕೇ ಇರಬೇಕೆಂದಿಲ್ಲ. ಒಂದು ಭರ್ಜರಿ ಕಾರ್ಡ್ ಒಂದು ಕಡೆ, ಏಳು ಸಾಧಾರಣ ಕಾರ್ಡ್ ಇನ್ನೊಂದು ಕಡೆ ಇಡಬಹುದು. ಮುಂದಿನ ಎಂಟನ್ನು ಇನ್ನೊಬ್ಬರು ಹಂಚುತ್ತಾರೆ. 80 ಕಾರ್ಡ್, ಹತ್ತು ಸುತ್ತು. ಒಂದೇ ಎಚ್ಚರಿಕೆ: ಹಂಚುವವರಿಗೆ ಸಮಯದ ಮಿತಿ ಹಾಕಿ. ಲೆಕ್ಕಾಚಾರದ ಮನುಷ್ಯ ಎದುರಿಗಿದ್ದರೆ ಕಾಫಿ ಆರಿ ತಣ್ಣಗಾದರೂ ಪಾಲು ಮುಗಿಯುವುದಿಲ್ಲ.

ವಿಂಚೆಸ್ಟರ್ ಎಂಬ ಇನ್ನೊಂದಿದೆ. ನಾಲ್ಕು ತೆರೆದ ಗುಡ್ಡೆ. ಒಬ್ಬರು ಒಂದನ್ನು ತೆಗೆದುಕೊಂಡ ಕೂಡಲೇ ನಾಲ್ಕು ಜಾಗಕ್ಕೂ ಒಂದೊಂದು ಕಾರ್ಡ್. ಬೇಗ ಮುಗಿಯುತ್ತದೆ. ವಿನ್‌ಸ್ಟನ್ ಕಲಿತವರು ಇದಕ್ಕೆ ಮರಳುವುದು ಕಡಿಮೆ.

ಡೆಕ್ ಕಟ್ಟುವುದು ಎಲ್ಲದರಲ್ಲೂ ಒಂದೇ ರೀತಿ: 17 ಲ್ಯಾಂಡ್, 23 ಬೇರೆ ಕಾರ್ಡ್, ಎರಡು ಬಣ್ಣ. ವಿನ್‌ಸ್ಟನ್‌ನಲ್ಲಿ ಮಾತ್ರ ಗುಡ್ಡೆ ಗುಡ್ಡೆಯಾಗಿ ಬರುವುದರಿಂದ ಮೂರನೆಯ ಬಣ್ಣ ನುಸುಳುವುದುಂಟು. ಎರಡು ಬಣ್ಣ ಕೊಡುವ ಲ್ಯಾಂಡ್ ಕಂಡರೆ ಬಿಡಬೇಡಿ. ಮೂರು ಆಟಗಳಲ್ಲಿ ಎರಡು ಗೆದ್ದವರು ಗೆದ್ದಂತೆ.

ಮೂವರು, ನಾಲ್ವರು

ಮೂವರ ಗುಂಪು ಎಲ್ಲಕ್ಕಿಂತ ಕಷ್ಟದ್ದು. ಗ್ರಿಡ್ ಅನ್ನೇ ತುಸು ಹಿಗ್ಗಿಸಿ: ಮೊದಲನೆಯವರು ತೆಗೆದ ಮೂರು ಜಾಗವನ್ನು ಹೊಸ ಕಾರ್ಡಿನಿಂದ ತುಂಬಿ, ಆಮೇಲೆ ಎರಡನೆಯವರು, ಮೂರನೆಯವರು ತೆಗೆಯಲಿ. ಪ್ರತಿ ಸುತ್ತಿಗೆ ಮೊದಲಿಗರು ಬದಲಾಗಲಿ. ಆಡುವಾಗ ಮೂವರೂ ಒಟ್ಟಿಗೆ ಕಾದಾಡಬೇಡಿ, ಇಬ್ಬರು ಸೇರಿ ಒಬ್ಬರನ್ನು ಮುಗಿಸುವುದೇ ಆಗುತ್ತದೆ. ಜೋಡಿ ಜೋಡಿಯಾಗಿ ಆಡಿ, ಮೂರನೆಯವರು ಚಹಾ ಮಾಡಲಿ.

ನಾಲ್ವರಿದ್ದರೆ ಪ್ಯಾಕ್ ದಾಟಿಸಬಹುದು, ಆದರೆ ಪ್ರತಿ ಸಲ ಎರಡೆರಡು ಕಾರ್ಡ್ ತೆಗೆಯಿರಿ. 14 ಕಾರ್ಡಿನ ಪ್ಯಾಕ್ ನಿಮಗೆ ಮರಳುವಾಗ ಆರು ಉಳಿದಿರುತ್ತವೆ. ಎಂಟು ಜನರ ಆಟದಲ್ಲೂ ಅಷ್ಟೇ ಉಳಿಯುವುದು. 2025ರಲ್ಲಿ ಕಂಪನಿಯೇ ನಾಲ್ವರ ಗುಂಪಿಗೆ ಇದನ್ನು ಅಧಿಕೃತ ಪದ್ಧತಿಯಾಗಿ ತಂದಿದೆ. ಪುರುಸೊತ್ತಿದ್ದರೆ ರಾಚೆಸ್ಟರ್ ಆಡಿ ನೋಡಿ: ಒಂದೊಂದೇ ಪ್ಯಾಕ್ ತೆರೆದು ಹರಡಿ, ಒಂದರಿಂದ ನಾಲ್ಕರವರೆಗೆ, ಮತ್ತೆ ನಾಲ್ಕರಿಂದ ಒಂದರವರೆಗೆ ಒಂದೊಂದು ಕಾರ್ಡ್. ಹಿಂದೆ ಪ್ರೊ ಟೂರ್ ಸ್ಪರ್ಧೆಗಳಲ್ಲೂ ಇದನ್ನು ಆಡಿಸುತ್ತಿದ್ದರು. ಇಡೀ ಮಧ್ಯಾಹ್ನ ಬೇಕು.

ಹೊಸ ಪ್ಯಾಕ್ ಒಡೆಯುವುದಾದರೆ, ಆಡಿದ ಮೇಲೆ ಕಾರ್ಡ್ ಯಾರ ಪಾಲಿಗೆ ಎಂಬುದನ್ನು ಒಡೆಯುವ ಮುನ್ನವೇ ತೀರ್ಮಾನಿಸಿ. ಆರಿಸಿದವರಿಗೇ ಎಂದಾದರೆ ಬೆಲೆಬಾಳುವ ಕಾರ್ಡನ್ನು ಡೆಕ್‌ಗೆ ಬೇಡದಿದ್ದರೂ ಎತ್ತಿಕೊಳ್ಳುತ್ತಾರೆ. ಎಲ್ಲವನ್ನೂ ಒಟ್ಟು ಹಾಕಿ, ಗೆದ್ದವರಿಂದ ಶುರುಮಾಡಿ ಒಂದೊಂದಾಗಿ ಆರಿಸಿಕೊಳ್ಳುವುದು ಮೇಲು.