ಗೋಣಿಚೀಲದಿಂದ ಉಗ್ರಾಣದವರೆಗೆ

ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವುದು ಎಲ್ಲ ನಾಡುಗಳಲ್ಲಿಯೂ ಪುಣ್ಯಕಾರ್ಯವೆನಿಸಿದೆ. ಆದರೆ ಕೊಡುವುದು ಎಷ್ಟು ಮುಖ್ಯವೋ ಕೊಡುವ ಬಗೆಯೂ ಅಷ್ಟೇ ಮುಖ್ಯ. ಕೈಯೊಡ್ಡಿದವನ ಹೊಟ್ಟೆ ತುಂಬಿದರೂ ಮನಸ್ಸು ಕುಗ್ಗಿದರೆ ಆ ದಾನದ ಫಲ ಅರ್ಧವೇ ಸರಿ. ಪಡೆಯುವವರ ಮಾನವನ್ನೂ ಕಾಯುವ ದಾರಿಯನ್ನು ಅಮೆರಿಕದ ಇಬ್ಬರು ಕಂಡುಕೊಂಡ ಬಗೆ ತಿಳಿಯತಕ್ಕದ್ದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಸ್ಟನ್ ನಗರದ ಸೌತ್ ಎಂಡ್ ಬಡಾವಣೆಯಲ್ಲಿ, ಬದುಕನ್ನರಸಿ ಪರದೇಶಗಳಿಂದ ಬಂದ ಬಡವರು ಕಿಕ್ಕಿರಿದು ನೆಲೆಸಿದ್ದರು. ಅಲ್ಲಿ ಪಾದ್ರಿಯಾಗಿದ್ದ ಎಡ್ಗರ್ ಹೆಲ್ಮ್ಸ್ 1902ರಲ್ಲಿ ಗೋಣಿಚೀಲ ಹಿಡಿದು ಸಿರಿವಂತರ ಮನೆಗಳಿಗೆ ಹೋದರು. ಅವರು ಬೇಡವೆಂದು ಬಿಟ್ಟ ಬಟ್ಟೆಬರೆ, ಪಾದರಕ್ಷೆಗಳನ್ನು ಬೇಡಿ ತಂದರು. ಅವುಗಳನ್ನು ಹಂಚಿಬಿಡುವುದು ಸುಲಭವಾಗಿತ್ತು. ಆದರೆ ಹೆಲ್ಮ್ಸ್ ಬೇರೆಯೇ ಒಂದು ಬಗೆಯನ್ನು ಯೋಚಿಸಿದರು. ಕೆಲಸವಿಲ್ಲದ ಬಡವರಿಗೆ ಹೊಲಿಗೆ, ದುರಸ್ತಿಗಳನ್ನು ಕಲಿಸಿ, ಹರಿದುದನ್ನು ಅವರಿಂದಲೇ ಸರಿಪಡಿಸಿದರು. ಹಾಗೆ ಸಿದ್ಧವಾದ ವಸ್ತುಗಳನ್ನು ಅಲ್ಪ ಬೆಲೆಗೆ ಮಾರಿ, ಬಂದ ಹಣದಿಂದ ಕೂಲಿ ಕೊಟ್ಟರು. ಹೀಗೆ ದುಡಿದವನಿಗೆ ಸಂಬಳವೂ ಕೊಂಡವನಿಗೆ ಸಮಾಧಾನವೂ ದೊರೆತವು. ತನ್ನ ಕಾಸಿನಿಂದ ಕೋಟೊಂದನ್ನು ಆರಿಸಿಕೊಂಡವನು ಭಿಕ್ಷುಕನಲ್ಲ, ಗಿರಾಕಿ. ಕಸದಿಂದ ರಸ ತೆಗೆದ ಈ ಕಾರ್ಯವೇ ಮುಂದೆ ‘ಗುಡ್‌ವಿಲ್’ ಎಂಬ ಹೆಸರಿನಿಂದ ದೇಶವಿದೇಶಗಳಿಗೆ ಹರಡಿತು.

ಬಟ್ಟೆಯನ್ನು ವರ್ಷಗಟ್ಟಲೆ ಕಾದಿಡಬಹುದು. ಆಹಾರವನ್ನು ಹಾಗೆ ಇಡಲಾಗದು. ಈ ತೊಡಕಿಗೆ ಪರಿಹಾರ ಹೊಳೆದದ್ದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. 1960ರ ದಶಕದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಅಲ್ಲಿನ ಒಂದು ಗಂಜಿಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದರು. ನಮ್ಮ ಹೊಲಗಳಲ್ಲಿ ಹಕ್ಕಲಾಯುವಂತೆ, ತೋಟಗಳಲ್ಲಿ ಉಳಿದುಹೋದ ಕಿತ್ತಳೆಯ ಜಾತಿಯ ಹಣ್ಣುಗಳನ್ನು ಆಯ್ದು ತರುತ್ತಿದ್ದರು. ಒಮ್ಮೆ ಅವರಿಗೆ ಹತ್ತು ಮಕ್ಕಳ ತಾಯಿಯೊಬ್ಬಳ ಪರಿಚಯವಾಯಿತು. ದಿನಸಿ ಅಂಗಡಿಗಳ ಹಿಂದಿನ ಕಸದ ತೊಟ್ಟಿಗಳಲ್ಲಿ ಹುಡುಕಿ ಆಕೆ ಮಕ್ಕಳ ಹೊಟ್ಟೆ ಹೊರೆಯುತ್ತಿದ್ದಳು. ತಿನ್ನಲು ಯೋಗ್ಯವಾದ ಎಷ್ಟೋ ಪದಾರ್ಥಗಳು ಅಲ್ಲಿ ಬಿದ್ದಿರುತ್ತಿದ್ದವು. ಹಣವನ್ನು ಇಡುವ ಬ್ಯಾಂಕಿನಂತೆ ಆಹಾರವನ್ನು ಇಟ್ಟು, ಬೇಕಾದವರು ಪಡೆಯುವ ಸ್ಥಳವೊಂದಿರಬೇಕೆಂದು ಆಕೆಯೇ ಸೂಚಿಸಿದಳು. ಮಹತ್ತಾದ ಕಲ್ಪನೆಯೊಂದು ಮೂಡಿದ್ದು ವಿದ್ವಾಂಸರ ಸಭೆಯಲ್ಲಲ್ಲ, ಹಸಿವನ್ನು ಬಲ್ಲ ತಾಯಿಯ ಮನಸ್ಸಿನಲ್ಲಿ.

ಸೇಂಟ್ ಮೇರಿ ಚರ್ಚಿನವರು ಪಾಳುಬಿದ್ದ ಬೇಕರಿಯ ಕಟ್ಟಡವನ್ನೂ 3,000 ಡಾಲರುಗಳನ್ನೂ ನೀಡಿದರು. 1967ರಲ್ಲಿ ಆಹಾರದ ಬ್ಯಾಂಕು ತೆರೆಯಿತು. ಮೊದಲ ವರ್ಷವೇ ಒಂದು ಲಕ್ಷ ಕಿಲೋಗ್ರಾಮಿಗೂ ಮಿಕ್ಕ ಆಹಾರ ಅಲ್ಲಿಂದ ಹಂಚಿಕೆಯಾಯಿತು. ಡಬ್ಬಿ ತುಸು ನೆಗ್ಗಿದ್ದರೂ, ಹೆಸರಿನ ಚೀಟಿ ಓರೆಯಾಗಿದ್ದರೂ ಒಳಗಿನ ಪದಾರ್ಥ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೂ ಅಂಗಡಿಗಳಲ್ಲಿ ಅದನ್ನು ಕೊಳ್ಳುವವರಿಲ್ಲ. ಅಂಥ ಪದಾರ್ಥಗಳು ಉಗ್ರಾಣಕ್ಕೆ ಬರುತ್ತವೆ. ಸ್ವಯಂಸೇವಕರು ಅವುಗಳನ್ನು ಪರೀಕ್ಷಿಸಿ, ವಿಂಗಡಿಸಿ, ಊರೂರಿನ ಚಿಕ್ಕ ಆಹಾರ ಭಂಡಾರಗಳಿಗೆ ಕಳುಹಿಸುತ್ತಾರೆ. ಅಲ್ಲಿಂದ ಅವು ಬಡವರ ಮನೆ ಸೇರುತ್ತವೆ. 1976ರಲ್ಲಿ ತೆರಿಗೆಯ ಕಾನೂನು ಬದಲಾಗಿ, ಆಹಾರ ದಾನಮಾಡುವ ಕಂಪನಿಗಳಿಗೆ ಅನುಕೂಲವಾಯಿತು. ಹನಿಗೂಡಿ ಹಳ್ಳವಾಯಿತು. 1979ರಲ್ಲಿ ಈ ಬ್ಯಾಂಕುಗಳ ರಾಷ್ಟ್ರೀಯ ಸಂಘಟನೆ ರೂಪುಗೊಂಡಿತು. 2008ರಿಂದ ‘ಫೀಡಿಂಗ್ ಅಮೆರಿಕ’ ಎಂಬ ಹೆಸರನ್ನು ಪಡೆದ ಅದರಲ್ಲಿ ಇಂದು 200ಕ್ಕೂ ಹೆಚ್ಚು ಬ್ಯಾಂಕುಗಳಿವೆ.

ಈಗ ಅಲ್ಲಿನ ಅನೇಕ ಊರುಗಳಲ್ಲಿ ಆಹಾರ ಭಂಡಾರವೂ ಹಳೆಯ ವಸ್ತುಗಳ ಅಂಗಡಿಯೂ ಜೊತೆಜೊತೆಯಾಗಿ ನಡೆಯುತ್ತವೆ. ಅಂಗಡಿಯ ಲಾಭ ಭಂಡಾರದ ಕಪಾಟನ್ನು ತುಂಬುತ್ತದೆ. ಕೆಲವು ಭಂಡಾರಗಳಲ್ಲಿ, ಬಂದವರು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುವ ಏರ್ಪಾಡಿದೆ. ಇದು ಸಣ್ಣ ಸಂಗತಿಯಲ್ಲ. ಬಡತನ ಮನುಷ್ಯನಿಂದ ಮೊದಲು ಕಸಿದುಕೊಳ್ಳುವುದು ಆಯ್ಕೆಯ ಸ್ವಾತಂತ್ರ್ಯವನ್ನೇ.

ಇಂಥ ಉಗ್ರಾಣಗಳಿಂದ ಬಡತನದ ಬೇರು ಕೀಳದು. ಅಷ್ಟೊಂದು ಸಂಪತ್ತುಳ್ಳ ನಾಡಿನಲ್ಲಿ ಇವು ಇನ್ನೂ ಬೇಕಾಗಿರುವುದು ಚಿಂತಿಸತಕ್ಕ ವಿಷಯ. ಆದರೂ ಒಬ್ಬರ ಮನೆಯಲ್ಲಿ ಮಿಕ್ಕದ್ದಕ್ಕೂ ಇನ್ನೊಬ್ಬರ ಮನೆಯ ಕೊರತೆಗೂ ನಡುವೆ ಇರುವ ದಾರಿ ಬಹು ದೂರದ್ದಲ್ಲವೆಂಬುದನ್ನು ಇವು ತೋರಿಸಿಕೊಟ್ಟಿವೆ. ಆ ದಾರಿಯಲ್ಲಿ ನಡೆಯುವವರಿಗೆ ಕರುಣೆಯೊಡನೆ ವಿವೇಕವೂ ಬೇಕು.

ಪ್ರಶ್ನೆಗಳು
1. ಹೆಲ್ಮ್ಸ್ ಬಟ್ಟೆಗಳನ್ನು ಹಂಚಿಬಿಡದೆ ಮಾರಿದುದೇಕೆ?
2. ಆಹಾರದ ಬ್ಯಾಂಕಿನ ಕಲ್ಪನೆ ಹುಟ್ಟಿದ ಸಂದರ್ಭವನ್ನು ವಿವರಿಸಿರಿ.
3. ‘ಕೊಡುವ ಬಗೆಯೂ ಅಷ್ಟೇ ಮುಖ್ಯ’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.